ಬಿಕ್ಕಳಿಕೆಯ ರಿಜಿಸ್ಟರು

ಬೇರೆ ಊರುಗಳಲ್ಲಿ ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಂಡರು ಅನ್ನುತ್ತಾರೆ. ನಮ್ಮ ಊರಿನಲ್ಲಿ ಯಾರೂ ಯಾರನ್ನೂ ಹಾಗೆ ಬಿಟ್ಟಿ ನೆನೆಸಿಕೊಳ್ಳುವುದಿಲ್ಲ. ಇಲ್ಲಿ ಕಾನೂನಿನ ಬಗ್ಗೆ ಬರೆದವರಿಗೆ ಮಾತ್ರ ಬಿಕ್ಕಳಿಕೆ ಬರುತ್ತದೆ, ಅದೂ ಅವರು ಬರೆದದ್ದನ್ನು ಯಾರಾದರೂ ಓದಿದಾಗ. ಒಂದು ಪ್ಯಾರಾ ಅರ್ಥವಾಗುವಂತೆ ಓದಿದರೆ ಒಂದು ಬಿಕ್ಕಳಿಕೆ. ಸುಮ್ಮನೆ ಕಣ್ಣಾಡಿಸಿದರೆ ಇಲ್ಲ. ಪುಸ್ತಕದ ಹೆಸರನ್ನು ಕೋರ್ಟಿನಲ್ಲಿ ಎದ್ದು ನಿಂತು ಗಟ್ಟಿಯಾಗಿ ಹೇಳಿದರೂ ಇಲ್ಲ. ಕವಿಗಳಿಗೂ ಜ್ಯೋತಿಷಿಗಳಿಗೂ ಈ ಭಾಗ್ಯ ಯಾಕಿಲ್ಲ ಎಂದು ನನ್ನನ್ನು ಕೇಳಬೇಡಿ. ಅವರೇ ಕೇಳಿ ಕೇಳಿ ಸುಮ್ಮನಾಗಿದ್ದಾರೆ.

ನನ್ನ ಹೆಸರು ಹಾಲಪ್ಪ. ಊರಿನ ಕಾನೂನು ಕಾಲೇಜಿನಲ್ಲಿ ಬಿಕ್ಕಳಿಕೆ ಗುಮಾಸ್ತ. ಒಂದು ರಿಜಿಸ್ಟರು, ಒಂದು ಚೊಂಬು ನೀರು, ಒಂದು ಲೋಟ, ಇಷ್ಟೇ ನನ್ನ ಸಾಮಾನು. ಯಾವ ಮೇಷ್ಟರಾದರೂ ಬಿಕ್ಕಳಿಸಿದರೆ ಓಡಿಹೋಗಿ ಲೋಟ ಕೈಗಿಡಬೇಕು. ನೀರು ಕುಡಿದು ನಿಂತರೆ ಅದು ಅವಲಕ್ಕಿ ಗಂಟಲಿಗೆ ಸಿಕ್ಕ ಬಿಕ್ಕಳಿಕೆ. ನಿಲ್ಲದಿದ್ದರೆ ಓದಿನ ಬಿಕ್ಕಳಿಕೆ, ರಿಜಿಸ್ಟರಿಗೆ ಏರಿಸಬೇಕು. ಕೆಲಸಕ್ಕೆ ಸೇರುವ ದಿನ ನನ್ನಿಂದ ಒಂದು ಪ್ರಮಾಣವನ್ನೂ ಮಾಡಿಸಿಕೊಂಡಿದ್ದರು: ಎಣಿಸುವವನು ಓದಕೂಡದು. ಹಾಗಾಗಿ ಹತ್ತೊಂಬತ್ತು ವರ್ಷ ಕಾನೂನು ಕಾಲೇಜಿನಲ್ಲಿದ್ದೂ ಕಾನೂನಿನ ಒಂದು ಸಾಲನ್ನೂ ನಾನು ಓದಿಲ್ಲ. ಅದರಿಂದ ನನಗೆ ನಷ್ಟವಾಯಿತು ಎಂದು ಒಂದು ದಿನವೂ ಅನ್ನಿಸಿರಲಿಲ್ಲ, ಆ ಮಾರ್ಚಿ ತಿಂಗಳವರೆಗೆ.

ಊರು ಈ ಬಿಕ್ಕಳಿಕೆಗೆ ಎಂದೋ ಹೊಂದಿಕೊಂಡಿತ್ತು. ಹೆಣ್ಣು ಕೊಡುವವರು ವಕೀಲ ಹುಡುಗನ ಮನೆಯಲ್ಲಿ ಅರ್ಧ ದಿನ ಕೂತು, ಹುಡುಗ ಎಷ್ಟು ಸಲ ಬಿಕ್ಕಳಿಸಿದ ಎಂದು ಬೆರಳು ಮಡಿಸಿ ಎಣಿಸುತ್ತಿದ್ದರು. ಪಂಕ್ತಿಯಲ್ಲಿ ಬಿಕ್ಕಳಿಸುವ ಮೇಷ್ಟರಿಗೆ ಇನ್ನೊಂದು ಹೋಳಿಗೆ ಬೀಳುತ್ತಿತ್ತು. ಪರೀಕ್ಷೆ ಹತ್ತಿರ ಬಂತೆಂದರೆ ಗೈಡು ಬರೆಯುವ ಮರಿಸ್ವಾಮಿ ಒಂದು ವಾರ ಮೊದಲೇ ಹಾಸಿಗೆ ಸುತ್ತಿಕೊಂಡು ಆಸ್ಪತ್ರೆಗೆ ಹೋಗಿ ಸೇರಿಬಿಡುತ್ತಿದ್ದ. ಆ ಏಳು ದಿನ ಅವನಿಗೆ ಉಸಿರಾಡಲೂ ಪುರುಸೊತ್ತು ಇರುತ್ತಿರಲಿಲ್ಲ. ಆದರೆ ಗೈಡು ವಿದ್ವತ್ತಲ್ಲ ಎಂದು ವಿಶ್ವವಿದ್ಯಾಲಯ ತೀರ್ಮಾನಿಸಿದ್ದರಿಂದ ಅವನ ಬಿಕ್ಕಳಿಕೆಗೆ ಮೂರು ಕಾಸಿನ ಬೆಲೆ ಇರಲಿಲ್ಲ.

ಆ ವರ್ಷ ವಿಶ್ವವಿದ್ಯಾಲಯದಿಂದ ಹೊಸ ಆಜ್ಞೆ ಬಂತು. ವರ್ಷಕ್ಕೆ ನೂರು ಬಿಕ್ಕಳಿಕೆ ತೋರಿಸದ ಅಧ್ಯಾಪಕರು ಪಾಠ ಮಾಡಲು ಅರ್ಹರಲ್ಲ. ಏಪ್ರಿಲ್ ಒಂದರಿಂದ ಅವರನ್ನು ಉತ್ತರಪತ್ರಿಕೆಗಳ ಉಗ್ರಾಣಕ್ಕೆ ಕಳಿಸತಕ್ಕದ್ದು. ಉಗ್ರಾಣ ಅಂದರೆ ನೆಲಮಾಳಿಗೆ. ಅಲ್ಲಿ ದಿನವಿಡೀ ಹಳೆಯ ಉತ್ತರಪತ್ರಿಕೆಗಳನ್ನು ಕಟ್ಟು ಕಟ್ಟಿ ಜೋಡಿಸಬೇಕು, ಇಲಿ ಓಡಿಸಬೇಕು. ಹೋದವರು ಯಾರೂ ಮತ್ತೆ ತರಗತಿಗೆ ಬಂದದ್ದಿಲ್ಲ.

ಆಜ್ಞೆ ಬಂದ ಮೇಲೆ ಕಾಲೇಜಿನಲ್ಲಿ ನಡೆದ ಆಟ ನೋಡಬೇಕಿತ್ತು. ಮೂವರು ಮೇಷ್ಟರು ಸ್ಟಾಫ್ ರೂಮಿನಲ್ಲಿ ದುಂಡಗೆ ಕೂತು ಒಬ್ಬರ ಲೇಖನವನ್ನು ಇನ್ನೊಬ್ಬರು ಓದಿಕೊಳ್ಳತೊಡಗಿದರು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಆ ಕೋಣೆಯಿಂದ ಕಪ್ಪೆಗಳ ಕೊಳದಂತೆ ಸದ್ದು. ಪಾಠಕ್ಕೆ ಹೋದರೆ ಒಂದು ವಾಕ್ಯವನ್ನೂ ಪೂರ್ತಿ ಹೇಳಲಾಗದೆ ವಾಪಸು ಬರುತ್ತಿದ್ದರು. ಲೆಕ್ಕ ಮಾತ್ರ ಚೆನ್ನಾಗಿ ಏರಿತು. ನನ್ನ ಚೊಂಬನ್ನು ದಿನಕ್ಕೆ ಹದಿನೈದು ಸಲ ತುಂಬಬೇಕಾಯಿತು.

ಈ ಗದ್ದಲದಲ್ಲಿ ಸದ್ದಿಲ್ಲದೆ ಇದ್ದವರು ವಾರಿಜಾಕ್ಷಿ ಮೇಡಂ ಒಬ್ಬರೇ. ಅವರ ಹೆಸರಿನ ಮುಂದೆ ಹದಿನಾರು ವರ್ಷವೂ ನಾನು ಸೊನ್ನೆಯನ್ನೇ ಸುತ್ತಿದ್ದೆ. ಅವರು ಏನನ್ನೂ ಪ್ರಕಟಿಸಿರಲಿಲ್ಲ. ಆದರೆ ಅವರ ತರಗತಿಗೆ ಬೇರೆ ತರಗತಿಯ ಹುಡುಗರೂ ಬಂದು ಕಿಟಕಿಯ ಹೊರಗೆ ನಿಲ್ಲುತ್ತಿದ್ದರು. ಆಸ್ತಿಯ ಪಾಠ ಮಾಡಿದರೆ ಪಕ್ಕದ ಮನೆಯ ಜಗಳವನ್ನು ಬೇಲಿ ಹತ್ತಿ ನೋಡಿದ ಹಾಗೆ ಇರುತ್ತಿತ್ತು. ಬಾಗಿಲ ಬಳಿ ಲೋಟ ಹಿಡಿದು ನಿಂತು ನಾನೂ ಕೇಳಿದ್ದೇನೆ. ಕೇಳಬಾರದು ಎಂದು ಪ್ರಮಾಣದಲ್ಲಿ ಇರಲಿಲ್ಲವಲ್ಲ. ಅಂಥವರು ಇಲಿ ಓಡಿಸಲು ಹೋಗಬೇಕು ಅನ್ನುವುದನ್ನು ನನಗೆ ಸಹಿಸಲಾಗುತ್ತಿರಲಿಲ್ಲ.

"ಮೇಡಂ, ಏನಾದ್ರೂ ಬರೀರಿ. ನಾಲ್ಕು ಪುಟ ಸಾಕು. ಹುಡುಗರೇ ಓದಿ ನೂರು ಮಾಡ್ಸಿಬಿಡ್ತಾರೆ," ಎಂದು ಫೆಬ್ರುವರಿಯಲ್ಲಿ ಒಂದು ದಿನ ಹೇಳಿದೆ.

"ಒಂದ್ಸಲ ಬರೆದಿದ್ದೆ ಹಾಲಪ್ಪ. ಸಾಕಾಯ್ತು," ಅಂದರು.

"ಯಾವಾಗ ಮೇಡಂ? ನನ್ನ ರಿಜಿಸ್ಟರಲ್ಲಿ ಇಲ್ವಲ್ಲ?"

"ಇರಲ್ಲ ಬಿಡಿ," ಎಂದು ಸೀಮೆಸುಣ್ಣ ತೆಗೆದುಕೊಂಡು ತರಗತಿಗೆ ನಡೆದರು.

ಇನ್ನೊಂದು ಕಡೆ ಪ್ರೊಫೆಸರ್ ಭುಜಂಗರಾಯರು. ಊರಿನ ಹೆಮ್ಮೆ, ಕಾಲೇಜಿನ ಕಳಸ. ಅವರ 'ಸ್ವತ್ತು ಸಿದ್ಧಾಂತ' ಎಂಬ ಆರುನೂರ ನಲವತ್ತು ಪುಟದ ಗ್ರಂಥ ಪ್ರತಿಯೊಬ್ಬ ವಕೀಲರ ಕಚೇರಿಯಲ್ಲೂ ಕಕ್ಷಿಗಾರನ ಕಣ್ಣಿಗೆ ಬೀಳುವ ಜಾಗದಲ್ಲಿ ಇರುತ್ತಿತ್ತು. "ಸ್ವತ್ತು ಸಿದ್ಧಾಂತದಲ್ಲಿ ಹೇಳಿರೋ ಹಾಗೆ" ಎನ್ನದೆ ಯಾರೂ ವಾದ ಶುರು ಮಾಡುತ್ತಿರಲಿಲ್ಲ. ರಾಯರ ಲೆಕ್ಕ ವರ್ಷಕ್ಕೆ ಎರಡು ಸಾವಿರ ದಾಟುತ್ತಿತ್ತು. ಆದರೆ ಅವರು ಬಿಕ್ಕಳಿಸಿದ್ದನ್ನು ನಾನು ಕಂಡವನಲ್ಲ. ಪ್ರೊಫೆಸರ್ ದರ್ಜೆಯವರಿಗೆ ಲೋಟದ ಪರೀಕ್ಷೆ ಇಲ್ಲ. ಇಷ್ಟು ಬಿಕ್ಕಳಿಸಿದೆ ಎಂದು ಅವರೇ ಬರೆದು, ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಿ ಕೊಟ್ಟರೆ ಸಾಕಿತ್ತು. ಮನೆಯಲ್ಲಿ ಬಿಕ್ಕಳಿಸುತ್ತಾರೆ ಎಂದು ನಾವೆಲ್ಲ ನಂಬಿದ್ದೆವು.

ಈ ನಂಬಿಕೆಯೇ ಪ್ರಿನ್ಸಿಪಾಲ್ ಏಕಾಂತಯ್ಯನವರನ್ನು ಕೆಡಿಸಿತು. ಪಕ್ಕದ ಪಟ್ಟಣದ ಕಾಲೇಜನ್ನು ಮೀರಿಸಬೇಕು, ನಮ್ಮ ವಿದ್ವತ್ತು ಜಗತ್ತಿಗೆ ಕಾಣಬೇಕು ಎಂದು ಅವರು ಮಾರ್ಚಿ ಮೂವತ್ತಕ್ಕೆ ಮಹಾವಾಚನ ಇಟ್ಟುಕೊಂಡರು. ನಾನೂರು ಜನ, ನಾನೂರು ಪ್ರತಿ, ಒಂದೇ ಸಭಾಂಗಣ. ಎಲ್ಲರೂ ಒಟ್ಟಿಗೆ 'ಸ್ವತ್ತು ಸಿದ್ಧಾಂತ' ಓದುವುದು, ವೇದಿಕೆಯ ಮೇಲೆ ರಾಯರು ವಿಶ್ವವಿದ್ಯಾಲಯದ ಪರಿವೀಕ್ಷಕರ ಎದುರು ಬಿಕ್ಕಳಿಸುವುದು. ರಾಯರು ಬೇಡ ಬೇಡ ಅಂದರು. ದೊಡ್ಡವರ ವಿನಯ ಎಂದುಕೊಂಡು ಏಕಾಂತಯ್ಯನವರು ಇನ್ನೂ ದೊಡ್ಡ ಹಾರ ತರಿಸಿದರು.

ಆ ದಿನ ಬೆಳಿಗ್ಗೆ ಸಭಾಂಗಣ ತುಂಬಿತ್ತು. ವಕೀಲರು ತಮ್ಮ ತಮ್ಮ ಪ್ರತಿಯ ಧೂಳು ಒರೆಸಿಕೊಂಡು ತಂದಿದ್ದರು. ಒಬ್ಬರ ಪ್ರತಿಯ ಮೇಲೆ ಮೇಜಿನ ಕಾಲಿನ ಗುರುತು ದುಂಡಗೆ ಒತ್ತಿಕೊಂಡಿತ್ತು. ಬಾಗಿಲಲ್ಲಿ ಎಲ್ಲರಿಂದ ಸಹಿ ಹಾಕಿಸಿಕೊಂಡು ಒಳಗೆ ಬಿಟ್ಟರು. ಹಿಂದುಗಡೆ ಕ್ಯಾಂಟೀನಿನ ದಾನಪ್ಪ ಕೇಸರಿಬಾತು ಕೆದಕುತ್ತಿದ್ದ. ರಾಯರು ಪೇಟ, ಶಾಲು, ಹಾರದಲ್ಲಿ ಮುಳುಗಿ ಕೂತಿದ್ದರು. ಅವರ ಬಲಕ್ಕೆ ಪರಿವೀಕ್ಷಕರು, ಎಡಕ್ಕೆ ಚೊಂಬು ಲೋಟ ಹಿಡಿದ ನಾನು.

ಗಂಟೆ ಹೊಡೆಯಿತು. ಮೊದಲ ಅಧ್ಯಾಯಕ್ಕೆ ಹದಿನೈದು ನಿಮಿಷ. ನಾನೂರು ಪುಸ್ತಕ ತೆರೆದುಕೊಂಡವು, ಮರುಕ್ಷಣವೇ ಸಭಾಂಗಣದ ತುಂಬ ಪರ್ ಪರ್ ಎಂದು ಹರಿಯುವ ಸದ್ದು. ನೋಡಿದರೆ ಒಂದು ಪ್ರತಿಯಲ್ಲೂ ಹಾಳೆಗಳ ಅಂಚು ಬಿಡಿಸಿರಲಿಲ್ಲ. ಪ್ರೆಸ್ಸಿನಲ್ಲಿ ಮಡಿಸಿದ ಹಾಗೇ, ಹದಿನಾರು ವರ್ಷ, ಕೂಡಿಕೊಂಡೇ ಇದ್ದವು. ಕೆಲವರು ಸ್ಕೇಲಿನಿಂದ, ಕೆಲವರು ಬೀಗದ ಕೈಯಿಂದ, ಒಬ್ಬ ಹಿರಿಯ ವಕೀಲರು ಹಲ್ಲಿನಿಂದಲೂ ಬಿಡಿಸಿದರು. ಪರಿವೀಕ್ಷಕರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

ಹರಿಯುವ ಸದ್ದು ನಿಂತಿತು. ಜನ ಓದತೊಡಗಿದರು. ನಾನು ಲೋಟ ಸಿದ್ಧ ಮಾಡಿಕೊಂಡೆ. ರಾಯರು ಇಂಗು ತಿಂದ ಮಂಗನಂತೆ ಕೂತೇ ಇದ್ದರು. ಆಗ ಹಿಂದುಗಡೆಯಿಂದ "ಹಿಕ್" ಅಂತ ಕೇಳಿಸಿತು. ಎಲ್ಲರೂ ತಿರುಗಿದರು. ಸೌಟು ಹಿಡಿದ ದಾನಪ್ಪ ಇನ್ನೊಂದು ಸಲ ಬಿಕ್ಕಳಿಸಿದ, ಮತ್ತೊಂದು ಸಲ ಬಿಕ್ಕಳಿಸಿದ, ಕೇಸರಿಬಾತು ತಳ ಹತ್ತಿತು.

"ಇದೇನಯ್ಯಾ ದಾನಪ್ಪ?" ಎಂದು ಏಕಾಂತಯ್ಯನವರು ಗದರಿದರು.

"ನಂಗೇನ್ ಗೊತ್ತು ಸಾರ್, ಹಿಕ್, ಇದೇ ಕಾಲೇಜಲ್ಲಿ ಮೂರ್ನೇ ವರ್ಷದಲ್ಲಿ ಓದ್ತಿದ್ದಾಗ ಒಂದ್ ಪ್ರಬಂಧ ಬರ್ದು ರಾಯರಿಗೆ ಕೊಟ್ಟಿದ್ದೆ. ಆಮೇಲೆ, ಹಿಕ್, ಫೇಲಾದೆ."

ಸಭಾಂಗಣದಲ್ಲಿ ಗುಸುಗುಸು ಎದ್ದಿತು. ಏಕಾಂತಯ್ಯನವರು ಗಡಿಬಿಡಿಯಿಂದ ಗಂಟೆ ಹೊಡೆದು, "ಎರಡನೇ ಅಧ್ಯಾಯ, ಎರಡನೇ ಅಧ್ಯಾಯ!" ಎಂದು ಕೂಗಿದರು. ಮತ್ತೆ ಪರ್ ಪರ್ ಸದ್ದು. ಎರಡನೇ ಅಧ್ಯಾಯದ ಹೆಸರು 'ಗೋಡೆ ದಾಟಿದ ಕೊಂಬೆ'. ಪಕ್ಕದ ಮನೆಯ ಮರದ ಕೊಂಬೆ ನಮ್ಮ ಹಿತ್ತಿಲಿಗೆ ಬಾಗಿದರೆ ಕಾಯಿ ಯಾರದ್ದು, ಕಸ ಯಾರದ್ದು, ನೆರಳು ಯಾರದ್ದು ಎಂಬ ವಿಚಾರ. ಎರಡು ನಿಮಿಷ ನಿಶ್ಶಬ್ದ. ಆಮೇಲೆ ಕೊನೆಯ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತಿದ್ದ ವಾರಿಜಾಕ್ಷಿ ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುಚ್ಚಿಕೊಂಡರೂ ಸದ್ದು ಬಂತು.

ನನ್ನ ಜೀವನದಲ್ಲಿ ನಾನು ಅಷ್ಟು ಜೋರಾಗಿ ಓಡಿದ್ದಿಲ್ಲ. ವೇದಿಕೆಯಿಂದ ಹಾರಿ, ವಕೀಲರ ಕಾಲು ತುಳಿದು, ಅರ್ಧ ಚೊಂಬು ನೀರನ್ನು ದಾರಿಯಲ್ಲೇ ಚೆಲ್ಲಿ ಅವರ ಬಳಿ ಹೋಗಿ ಲೋಟ ಹಿಡಿದೆ. ಕುಡಿದರು, ನಿಲ್ಲಲಿಲ್ಲ. ಮತ್ತೆ ಕುಡಿದರು, ನಿಲ್ಲಲಿಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತು ರಿಜಿಸ್ಟರು ತೆರೆದು ಗೀಟು ಹಾಕತೊಡಗಿದೆ. ಸುತ್ತ ಜನ ಓದುವುದನ್ನು ಬಿಟ್ಟಿರಲಿಲ್ಲ. "ಅಲ್ರೀ, ಹಂಗಾದ್ರೆ ಆ ನುಗ್ಗೇಕಾಯಿ ನಂದೇ!" ಎಂದು ಒಬ್ಬರು, "ಕಸ ಗುಡಿಸೋದೂ ನಿಮ್ದೇ, ಮುಂದಿನ್ ಪ್ಯಾರಾ ಓದ್ರಿ!" ಎಂದು ಇನ್ನೊಬ್ಬರು.

"ಮೇಡಂ, ಇದು ನೀವು ಬರೆದದ್ದಾ?" ಎಂದೆ.

"ಹೂಂ," ಅಂದರು. ಕಣ್ಣಲ್ಲಿ ನೀರು ಬಂದಿತ್ತು. ಅದು ಬಿಕ್ಕಳಿಕೆಗೆ ಬಂದದ್ದಲ್ಲ. "ಪುಸ್ತಕ ಬಂದಾಗ ಹಾಳೆ ಬಿಡಿಸ್ದೆ ಸಂದೀಲೇ ಇಣುಕಿ ನಾನೇ ಓದಿ ನೋಡ್ದೆ. ಬಿಕ್ಕಳಿಕೆ ಬಂತು. ಹೇಳಿದ್ರೆ ಯಾರು ನಂಬ್ತಾರೆ ಹಾಲಪ್ಪ? ಯಾರಾದ್ರೂ ಓದಿದ್ರೆ ತಾನಾಗೇ ಗೊತ್ತಾಗತ್ತೆ ಅಂತ ಕಾದೆ. ಒಬ್ರೂ ಓದ್ಲಿಲ್ಲ."

ಅಷ್ಟರಲ್ಲಿ ಏಕಾಂತಯ್ಯನವರು ಮೂರನೇ ಅಧ್ಯಾಯದ ಗಂಟೆ ಹೊಡೆದುಬಿಟ್ಟರು. ಹದಿನೈದು ನಿಮಿಷ ಆಗಿರಲೇ ಇಲ್ಲ, ನಾನು ಆಣೆ ಮಾಡಿ ಹೇಳುತ್ತೇನೆ. ಮೂರನೇ ಅಧ್ಯಾಯಕ್ಕೆ ಯಾರೂ ಬಿಕ್ಕಳಿಸಲಿಲ್ಲ, ಬರೆದವರು ತೀರಿಹೋಗಿರಬೇಕು. ಪರಿವೀಕ್ಷಕರು ಬೇಸತ್ತು ಪುಸ್ತಕವನ್ನು ಹಿಂದೆ ಮುಂದೆ ತಿರುವಿ ಕೃತಜ್ಞತೆಯ ಪುಟ ಓದಿದರು. ಧರ್ಮಪತ್ನಿಗೂ ಪ್ರೆಸ್ಸಿನವರಿಗೂ ವಂದನೆ ಹೇಳಿದ ಆ ನಾಲ್ಕು ಸಾಲಿಗೆ ಭುಜಂಗರಾಯರು ಒಂದೇ ಒಂದು ಸಲ ಬಿಕ್ಕಳಿಸಿದರು. ನೀರು ಕೊಡಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ನಾನೂರು ಜನ ಒಟ್ಟಿಗೆ ಓದಿದರೂ ಬಿಕ್ಕಳಿಸುವ ಗಂಟಲು ಒಂದೇ ತಾನೇ, ನನ್ನ ರಿಜಿಸ್ಟರಿನಲ್ಲಿ ಮೇಡಂ ಹೆಸರಿನ ಮುಂದೆ ತೊಂಬತ್ತಮೂರು ಗೀಟು ಇದ್ದವು. ಏಕಾಂತಯ್ಯನವರು ನನ್ನನ್ನು ಕೋಣೆಗೆ ಕರೆದು, "ರಾಯರ ಪುಸ್ತಕ, ರಾಯರ ಹೆಸರಿಗೇ ಬರಿ," ಅಂದರು. ಅವರು ಹೇಳಿದ್ದಕ್ಕೆಲ್ಲ ಹತ್ತೊಂಬತ್ತು ವರ್ಷ ಹೂಂ ಅಂದವನು ನಾನು. ಆ ದಿನ ಬಾಯಿಂದ ಹೂಂ ಬರಲಿಲ್ಲ.

"ಪುಸ್ತಕ ಯಾರ್ದಾದ್ರೂ ಆಗ್ಲಿ ಸಾರ್, ನಾನು ಬಿಕ್ಕಳಿಕೆ ಗುಮಾಸ್ತ. ಬಿಕ್ಕಳಿಸಿದವರ ಹೆಸರಿಗೇ ಬರೆಯೋದು," ಎಂದೆ. ಪರಿವೀಕ್ಷಕರು ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದರಿಂದ ಏಕಾಂತಯ್ಯನವರು ಸಿಟ್ಟು ನುಂಗಿಕೊಂಡರು.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಸಂಜೆಯೊಳಗೆ ನೋಟಿಸ್ ಬೋರ್ಡಿನಲ್ಲಿ ಎರಡು ಸುತ್ತೋಲೆ ಬಿದ್ದವು. ಒಂದು: ತನಿಖೆ ಮುಗಿಯುವವರೆಗೆ ನಾನೂರು ಪ್ರತಿಗಳನ್ನೂ ಕಾಲೇಜಿನ ಲೈಬ್ರರಿಯಲ್ಲಿಟ್ಟು ಸೀಲು ಹಾಕಲಾಗಿದೆ. ಎರಡು: ಇನ್ನು ಮುಂದೆ ಓದಿದವರ ಸಹಿ ಇಲ್ಲದ ಬಿಕ್ಕಳಿಕೆಗೆ ಲೆಕ್ಕವಿಲ್ಲ, ಬರೆದವರೇ ಓದಿಕೊಳ್ಳುವ ಮೋಸವನ್ನು ತಡೆಯುವ ಸಲುವಾಗಿ ಓದುಗರು 'ಈ ಬರಹ ನನ್ನದಲ್ಲ' ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡತಕ್ಕದ್ದು. ತೊಂಬತ್ತಮೂರಕ್ಕೆ ಬಾಗಿಲಲ್ಲಿ ಹಾಕಿದ ಸಹಿ ಇತ್ತು, ಬಚಾವಾಯಿತು. ಇನ್ನು ಏಳು ಬೇಕು. ಉಳಿದದ್ದು ಒಂದೇ ದಿನ, ಓದಲು ಊರಿನಲ್ಲಿ ಪುಸ್ತಕವೇ ಇಲ್ಲ.

ಮಾರ್ಚಿ ಮೂವತ್ತೊಂದರ ಮಧ್ಯಾಹ್ನ ಮೇಡಂ ತಮ್ಮ ಕಪಾಟು ಖಾಲಿ ಮಾಡುತ್ತಿದ್ದರು. ನಾನು ಎದುರಿಗೆ ಲೋಟ ಇಟ್ಟುಕೊಂಡು ಕೂತಿದ್ದೆ. ಸುಮ್ಮನೆ ಕೂರುವುದಕ್ಕೆ ಆಗದೆ, "ಲೈಬ್ರರಿಯ ಹಿಂದಿನ ಕಿಟಕಿಗೆ ಚಿಲಕ ಇಲ್ಲ ಮೇಡಂ. ಒಂದು ಪ್ರತಿ ಎತ್ಕೊಂಡ್ ಬಂದು ಹುಡುಗರ ಕೈಲಿ ಓದಿಸ್ಲಾ?" ಎಂದೆ.

"ಕಳ್ಳತನ ಮಾಡಿ ಓದಿಸ್ಕೊಂಡ್ರೆ ಅದೊಂದ್ ಓದಾ? ಬೇಡ ಹಾಲಪ್ಪ. ಉಗ್ರಾಣದಲ್ಲಿ ಬೆಳಕಾದ್ರೂ ಇದ್ಯಾ?" ಎಂದು ಕೇಳಿದರು.

"ಒಂದು ಬಲ್ಬಿದೆ ಮೇಡಂ," ಎಂದೆ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮೇಡಂ ಬಿಕ್ಕಳಿಸಿದರು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನೀರು ಕೊಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬಂತು. ನಿಧಾನವಾದ ಓದು. ಯಾರೋ ಒಂದೊಂದು ಪ್ಯಾರಾವನ್ನೂ ಎರಡೆರಡು ಸಲ ಓದಿ ಮುಂದೆ ಹೋಗುತ್ತಿದ್ದಂತಿತ್ತು. ಊರಿನ ಪ್ರತಿಗಳೆಲ್ಲ ಸೀಲಿನೊಳಗೆ ಇದ್ದವು, ಅಂದರೆ ಮಹಾವಾಚನಕ್ಕೆ ಪ್ರತಿ ತರಬೇಕಾಗಿಲ್ಲದಿದ್ದವರು ಒಬ್ಬರೇ. ಮೂರನೆಯ ಬಿಕ್ಕಳಿಕೆಗೆ ನಾನು ರಿಜಿಸ್ಟರು ಕಂಕುಳಿಗೆ ಇಟ್ಟುಕೊಂಡು ಕಾಲೇಜಿನ ಹಿಂದಿನ ರಸ್ತೆಗೆ ಓಡಿದೆ.

ಭುಜಂಗರಾಯರು ಮನೆಯ ಜಗಲಿಯಲ್ಲಿ ಬನಿಯನ್, ಪಂಚೆಯಲ್ಲಿ ಕೂತಿದ್ದರು. ತೊಡೆಯ ಮೇಲೆ ರಟ್ಟಿಗೆ ಚಿನ್ನದ ಅಂಚಿದ್ದ ಅವರ ಸ್ವಂತ ಪ್ರತಿ, ಕೈಯಲ್ಲಿ ತರಕಾರಿ ಹೆಚ್ಚುವ ಚಾಕು. ಅದರಿಂದ ಹಾಳೆಯ ಅಂಚು ಬಿಡಿಸುತ್ತಿದ್ದರು. ನನ್ನನ್ನು ನೋಡಿ ಸಿಟ್ಟಾಗಲಿಲ್ಲ.

"ಬಾರಯ್ಯ ಹಾಲಪ್ಪ. ಊರೆಲ್ಲ ಓದಿದ್ದನ್ನ ನಾನೂ ಒಂದ್ಸಲ ನೋಡೋಣ ಅಂತ ಕೂತೆ. ನೆರಳಿಗೆ ಬಾಡಿಗೆ ಕೇಳೋ ಹಾಗಿಲ್ಲ ಅಂತ ಬರೆದಿದಾಳೆ ನೋಡು, ಎಂಥ ಮಾತು! ಇದು ಗೊತ್ತಿದ್ದಿದ್ರೆ ನಾನು ಪಕ್ಕದ ಮನೆಯವ್ನ ಹತ್ರ ಇಷ್ಟ್ ವರ್ಷ ಮಾತು ಬಿಡ್ತಾನೇ ಇರ್ಲಿಲ್ಲ."

"ಸಾರ್, ನೀವು ಇದನ್ನ ಮೊದ್ಲು ಓದಿರ್ಲಿಲ್ವಾ?"

"ಹುಡುಗರ ಪ್ರಬಂಧದ ಕಟ್ಟು. ಓದ್ದೇ ಮಾರ್ಕ್ಸ್ ಹಾಕಿ, ಅವ್ರಿಗೆ ತೋರ್ಸಿ ಕಟ್ಟಿಟ್ಟಿದ್ದೆ. ಪ್ರೆಸ್ಸಿನವ್ನು ಅರ್ಜೆಂಟು ಅಂದ. ದಾರ ಕೂಡ ಬಿಚ್ಚದೆ ಕಳಿಸ್ದೆ," ಎಂದರು. ಅದನ್ನು ಹೇಳುವಾಗ ಅವರು ಪುಸ್ತಕ ಬಿಟ್ಟು ಮೇಲೆ ನೋಡಲಿಲ್ಲ.

ನಾನು ರಿಜಿಸ್ಟರು ತೆರೆದು ಅವರ ಮುಂದೆ ಇಟ್ಟೆ. ಓದುಗರ ಕಾಲಂ ತೋರಿಸಿದೆ. ಕಚೇರಿ ಮುಚ್ಚುವ ಐದೂವರೆಯೊಳಗೆ ಈ ಸಹಿ ಬೀಳದಿದ್ದರೆ ಮೇಡಂ ನಾಳೆ ಬೆಳಿಗ್ಗೆ ಉಗ್ರಾಣಕ್ಕೆ ಹೋಗುತ್ತಾರೆ ಎಂದು ನೇರವಾಗಿ ಹೇಳಿದೆ. ಅವರು ಕಾಲಂನ ತಲೆಯ ಮೇಲೆ ನಾನು ನಕಲು ಮಾಡಿದ್ದ ಸುತ್ತೋಲೆಯ ಸಾಲನ್ನು ಬೆರಳಿಟ್ಟು ಓದಿದರು. 'ಈ ಬರಹ ನನ್ನದಲ್ಲ.' ಕಾನೂನು ಓದಿದವರು. ಆ ಮೂರು ಪದಕ್ಕೆ ಸಹಿ ಹಾಕಿದರೆ ಏನು ಹೋಗುತ್ತದೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪೇಟ ಹೋಗುತ್ತದೆ, ಶಾಲು ಹೋಗುತ್ತದೆ, ಕೋರ್ಟಿನಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಹೆಸರು ಹೋಗುತ್ತದೆ.

"ಎಷ್ಟಾಯ್ತು?" ಎಂದು ಕೇಳಿದರು.

"ನಾನು ಹೊರಡುವಾಗ ತೊಂಬತ್ತಾರು."

"ಆಮೇಲೆ ಎರಡು ಪ್ಯಾರಾ ಓದಿದೀನಿ. ಇನ್ನೆರಡು ಇರ್ಲಿ," ಎಂದು ಮತ್ತೆ ಪುಸ್ತಕಕ್ಕೆ ಬಗ್ಗಿದರು. ನಾನು ನಿಂತೇ ಇದ್ದೆ. ಅವರ ತುಟಿ ಮಕ್ಕಳ ತುಟಿಯಂತೆ ಅಲುಗುತ್ತಿತ್ತು. ಒಂದು ಕಡೆ ನಕ್ಕರು. ಒಂದು ಕಡೆ ನಿಂತು ಹಿಂದಿನ ಸಾಲಿಗೆ ಹೋಗಿ ಬಂದರು. ಆಮೇಲೆ ಕೈಚಾಚಿ ಪೆನ್ನು ಕೇಳಿದರು. 'ಈ ಬರಹ ನನ್ನದಲ್ಲ, ನಾನು ಓದುಗ' ಎಂದು ಸುತ್ತೋಲೆ ಕೇಳಿದ್ದಕ್ಕಿಂತ ಎರಡು ಪದ ಜಾಸ್ತಿಯೇ ಬರೆದು ಸಹಿ ಮಾಡಿದರು. ಮುದುಕನ ಮೇಲೆ ನನಗಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಹಾಲಪ್ಪ, ಇದಕ್ಕೆ ಅವಳಿಗೆ ಆಗ ಎಷ್ಟು ಮಾರ್ಕ್ಸ್ ಕೊಟ್ಟಿದ್ದೆ ಅಂತ ಕೇಳ್ಕೊಂಡ್ ಬಾ," ಎಂದರು.

ಐದು ಗಂಟೆ ಇಪ್ಪತ್ತಕ್ಕೆ ನಾನು ಏದುಸಿರು ಬಿಡುತ್ತ ಸ್ಟಾಫ್ ರೂಮಿಗೆ ಬಂದು ಸಹಿ ತೋರಿಸಿದೆ. ಮೇಡಂ ಅದನ್ನು ಬಹಳ ಹೊತ್ತು ನೋಡಿದರು. ಅಷ್ಟರಲ್ಲಾಗಲೇ ಅವರು ಒಂದು ಚೀಟಿಯಲ್ಲಿ ತಾವೇ ಏಳು ಗೀಟು ಹಾಕಿ ಇಟ್ಟುಕೊಂಡಿದ್ದರು. ನಾನು ರಾಯರ ಪ್ರಶ್ನೆಯನ್ನು ಕೇಳಿದೆ.

"ಮೂವತ್ತೈದು," ಎಂದರು. "ಪಕ್ಕದಲ್ಲಿ ಕೆಂಪು ಇಂಕಲ್ಲಿ ಬರೆದಿದ್ರು, ಇನ್ನೂ ಓದಬೇಕು ಅಂತ."

ಹೇಳಿ ನಗತೊಡಗಿದರು. ನಗುತ್ತಲೇ ಬಿಕ್ಕಳಿಸಿದರು. ನಾನು ಲೋಟ ಎತ್ತಿಕೊಟ್ಟೆ. ಬೇಡವೆಂದು ಪಕ್ಕಕ್ಕೆ ಸರಿಸಿದರು. ಇನ್ನೊಂದು ಬಂತು. ಆ ಅಧ್ಯಾಯದಲ್ಲಿ ಇನ್ನೂ ಇಪ್ಪತ್ತಾರು ಪುಟ ಇದೆ ಎಂದು ಅವರೇ ಹೇಳಿದರು. ಹಿಂದಿನ ರಸ್ತೆಯ ಜಗಲಿಯಲ್ಲಿ ರಾಯರು ಚಾಕು ಹಿಡಿದು ಮುಂದಿನ ಹಾಳೆ ಬಿಡಿಸುತ್ತಿದ್ದರು ಅಂತ ಕಾಣುತ್ತದೆ.